ಅಂಗಳದಲ್ಲಿ ಬೆಂಕಿ: ಗ್ಯಾಸೋ, ಕಟ್ಟಿಗೆಯೋ?

ಶಹಾಬಾದ್ ಕಲ್ಲು ಸಿಡಿಯುವ ಸದ್ದನ್ನು ಕೇಳಿದ್ದೀರಾ? ನಾನು ಕೇಳಿದ್ದೇನೆ. ಪುಣೆಯ ಬಾವಧನದಲ್ಲಿ ಮನೆ ಮಾಡಿದ ಮೊದಲ ಡಿಸೆಂಬರಿನಲ್ಲಿ ಅಂಗಳದ ಹಾಸುಗಲ್ಲಿನ ಮೇಲೆ ಸುತ್ತಲೂ ಇಟ್ಟಿಗೆ ಜೋಡಿಸಿ, ಕಟ್ಟಿಗೆ ಪೇರಿಸಿ ಬೆಂಕಿ ಹಾಕಿದೆ. ಅರ್ಧ ಗಂಟೆ ಎಲ್ಲರೂ ಸುಖವಾಗಿ ಕೈ ಕಾಯಿಸಿಕೊಂಡರು. ಆಮೇಲೆ ಬೆಂಕಿಯ ಅಡಿಯಿಂದ ಪಟಾಕಿ ಹಾರಿದಂತೆ ‘ಫಟ್’ ಎಂದಿತು. ಅಂಗೈ ಅಗಲದ ಕಲ್ಲಿನ ಚಕ್ಕೆಯೊಂದು ಕೆಂಡವನ್ನೂ ಹೊತ್ತುಕೊಂಡು ಎದ್ದು ನನ್ನ ಭಾವಮೈದುನನ ಚಪ್ಪಲಿಯ ಪಕ್ಕ ಬಿತ್ತು. ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತು ಪುಣೆಯ ಹಳೆಯ ಮನೆಗಳ ನೆಲವನ್ನೆಲ್ಲ ಹಾಸಿರುವ ಈ ‘ಫರಶಿ’ ಪದರು ಪದರಾದ ಸುಣ್ಣಕಲ್ಲು. ಪದರಿನ ನಡುವೆ ಸೇರಿದ ನೀರು ಕಾದು ಆವಿಯಾದರೆ ಕಲ್ಲು ಬಾಯಿ ಬಿಡಲೇಬೇಕು. ನಮ್ಮ ಕಡೆಯ ಕಲ್ಲು ಎಂಬ ಸಲುಗೆಯಲ್ಲಿ ನಾನು ಅದನ್ನು ಯೋಚಿಸಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಎರಡು ಅಗ್ಗಿಷ್ಟಿಕೆಗಳ ಸಂಸಾರ ನಡೆಸಿದ್ದೇನೆ. ಬಾವಧನದ ಮನೆಯಲ್ಲಿ ಗ್ಯಾಸಿನದು. ಮುಳಶಿ ಕಡೆ ಗೆಳೆಯನೊಬ್ಬನ ಜಮೀನಿನಲ್ಲಿ ಇಬ್ಬರೂ ಸೇರಿ ಕಟ್ಟಿದ ಕಟ್ಟಿಗೆಯದು. ಅಂಗಡಿಯವರು ಇದನ್ನು ಫೈರ್ ಪಿಟ್ ಎನ್ನುತ್ತಾರೆ, ಮನೆಗೆಲಸದ ಮಾವಶಿ ಶೇಕೋಟಿ ಎನ್ನುತ್ತಾರೆ. ಇಲ್ಲಿ ಅಗ್ಗಿಷ್ಟಿಕೆ ಎಂದೇ ಬರೆಯುತ್ತೇನೆ. ಪುಣೆಯ ಕನ್ನಡಿಗ ಸ್ನೇಹಿತರು ‘ಯಾವುದು ಒಳ್ಳೆಯದು?’ ಎಂದು ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ: ಅದು ಕೊನೆಯ ಪ್ರಶ್ನೆ. ಹೊಗೆ ಯಾರ ಕಿಟಕಿಗೆ ಹೋಗುತ್ತದೆ, ಬೆಂಕಿಯ ಮುಂದೆ ಕುಳಿತು ಏನು ಮಾಡುತ್ತೀರಿ, ವರ್ಷಕ್ಕೆ ನಿಜವಾಗಿ ಎಷ್ಟು ರಾತ್ರಿ ಹಚ್ಚುತ್ತೀರಿ ಎಂಬ ಮೂರಕ್ಕೆ ಉತ್ತರ ಸಿಕ್ಕಿದರೆ ನಾಲ್ಕನೆಯದು ತಾನಾಗಿ ಇತ್ಯರ್ಥವಾಗುತ್ತದೆ.

ಮೊದಲು ಊದಿನಕಡ್ಡಿ ಹಚ್ಚಿ

ಬೆಂಕಿ ಹಾಕಬೇಕೆಂದಿರುವ ಜಾಗದಲ್ಲಿ ಹೂಕುಂಡವೊಂದನ್ನು ಇಟ್ಟು, ಅದರ ಮಣ್ಣಿಗೆ ನಾಲ್ಕು ಊದಿನಕಡ್ಡಿ ಚುಚ್ಚಿ, ರಾತ್ರಿ ಎಂಟರ ಸುಮಾರಿಗೆ ಹಚ್ಚಿ. ಟಾರ್ಚ್ ಬೆಳಕು ಬಿಟ್ಟು ಹೊಗೆಯ ದಾರಿ ನೋಡಿ. ನೆಟ್ಟಗೆ ಮೇಲೆ ಹೋಗುತ್ತದೆಯೇ, ಕಂಪೌಂಡ್ ಗೋಡೆಗೆ ಬಡಿದು ನಿಮ್ಮ ಮುಖಕ್ಕೇ ಮರಳುತ್ತದೆಯೇ, ಪಕ್ಕದವರ ಮಲಗುವ ಕೋಣೆಗೆ ನುಗ್ಗುತ್ತದೆಯೇ? ಒಂದು ದಿನ ನೋಡಿದರೆ ಸಾಲದು, ನಾಲ್ಕೈದು ದಿನ ಬೇಕು. ಮಳೆಗಾಲದಲ್ಲೋ ಬೇಸಗೆಯಲ್ಲೋ ನೋಡಿದರೂ ಪ್ರಯೋಜನವಿಲ್ಲ, ಆಗಿನ ಗಾಳಿಯೇ ಬೇರೆ.

ಪುಣೆಯ ಚಳಿಗಾಲದ ರಾತ್ರಿ ಹೊಗೆಯ ಮಟ್ಟಿಗೆ ಕೆಟ್ಟದ್ದು. ಮೋಡವಿಲ್ಲದೆ ಗಾಳಿ ನಿಂತ ರಾತ್ರಿಯಲ್ಲಿ ನೆಲದ ಬಿಸಿ ಬೇಗ ಆರುತ್ತದೆ. ನೆಲಕ್ಕೆ ಅಂಟಿದ ಗಾಳಿ ತಣ್ಣಗೆ ಕೆಳಗುಳಿದು, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಹೊಗೆ ಸ್ವಲ್ಪ ಏರಿ ಅಲ್ಲೇ ಹಾಸಿಕೊಳ್ಳುತ್ತದೆ. ಬಾವಧನ, ಪಾಷಾಣ್ ಮುಂತಾದ, ಗುಡ್ಡದ ಬುಡದ ಬಡಾವಣೆಗಳಲ್ಲಿ ಇಳಿಜಾರಿನ ತಂಪು ಗಾಳಿಯೂ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ನಮಗೆ ಬೆಂಕಿ ಬೇಕೆನಿಸುವುದು ಸರಿಯಾಗಿ ಅಂಥ ರಾತ್ರಿಗಳಲ್ಲೇ.

ನಮ್ಮ ಅಂಗಳದ ಹೊಗೆ ಹೋಗುತ್ತಿದ್ದುದು ಪಕ್ಕದ ಮನೆಯ ಆಜಿಯ ಕಿಟಕಿಗೆ. ಅವರಿಗೆ ಉಬ್ಬಸ. ಮೊದಲ ವರ್ಷ ಅವರು ಏನೂ ಹೇಳಲಿಲ್ಲ. ಕಿಟಕಿ ಮುಚ್ಚುವ ಸದ್ದು ಮಾತ್ರ ಕೇಳುತ್ತಿತ್ತು. ಮರುವರ್ಷ ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಬಂದವರು, ಒಳ್ಳೆಯ ಮಾತಾಡಿ ಎಂದು ಹರಸಿ, ಅದೇ ಉಸಿರಿನಲ್ಲಿ, “ಶೇಕೋಟಿಯನ್ನು ಸ್ವಲ್ಪ ಆ ಕಡೆ ಹಾಕಲು ಆಗುತ್ತದೆಯೇ?” ಎಂದು ಮೆಲ್ಲಗೆ ಕೇಳಿದರು. ಇಪ್ಪತ್ತು ಅಡಿ ಅಗಲದ ಅಂಗಳಕ್ಕೆ ‘ಆ ಕಡೆ’ ಎಲ್ಲಿಂದ ಬರಬೇಕು? ಮನೆಗೆ ಗ್ಯಾಸ್ ಎಂದು ಅಂದೇ ತೀರ್ಮಾನವಾಯಿತು. ಪಕ್ಕದವರ ಕಿಟಕಿ ಮೂವತ್ತು ಅಡಿಯೊಳಗಿದ್ದರೆ ಕಟ್ಟಿಗೆಯ ಯೋಚನೆಯನ್ನೇ ಬಿಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಇದು ಸರ್ಕಾರದ ನಿಯಮವಲ್ಲ, ನನ್ನದು.

ಮುಂಬೈಯವರಿಗೆ ನನ್ನ ಸಲಹೆ ಇನ್ನೂ ಚಿಕ್ಕದು: ಬೇಡ. ಹದಿನೈದು ಡಿಗ್ರಿಗಿಂತ ಕೆಳಗೆ ಅಪರೂಪಕ್ಕೆ ಇಳಿಯುವ ಊರಿನಲ್ಲಿ ಬೆಂಕಿ ಕಾಯುವುದು ಬೆವರುವುದಕ್ಕೆ ದಾರಿ. ಪಾವ್ ಸುಡುವ ಕಟ್ಟಿಗೆ ಭಟ್ಟಿಗಳೇ ಇಂಧನ ಬದಲಾಯಿಸಬೇಕೆಂದು 2025ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟ್ ಹೇಳಿದ ಮೇಲೆ, ಮೋಜಿಗೆ ಕಟ್ಟಿಗೆ ಸುಡುತ್ತೇನೆ ಎಂದರೆ ಸೊಸೈಟಿಯ ಸಭೆಯಲ್ಲಿ ಯಾರೂ ನಿಮ್ಮ ಪರ ನಿಲ್ಲುವುದಿಲ್ಲ. ಮಡ್, ಗೋರಾಯಿ ಕಡೆ ಬಂಗಲೆ ಇರುವವರ ಮಾತು ಬೇರೆ.

ಗೋವಾದಲ್ಲಿ ಬೆಂಕಿ ಬೇಕಾಗುವುದು ಚಳಿಗಲ್ಲ, ಹರಟೆಗೆ. ಕರಾವಳಿಯಲ್ಲಿ ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ಹಾಗಾಗಿ ಸಂಜೆ ಆರಕ್ಕೆ ನೋಡಿದ ಹೊಗೆಯ ದಾರಿ ಹತ್ತು ಗಂಟೆಗೆ ಇರುವುದಿಲ್ಲ. ಎರಡು ಹೊತ್ತಿನಲ್ಲೂ ಊದಿನಕಡ್ಡಿ ಹಚ್ಚಿ ನೋಡಬೇಕು. ಮೋರ್ಜಿ, ಆಗೊಂದ, ಗಾಲ್ಜಿಬಾಗ್ ಕಡಲತೀರಗಳಿಗೆ ತೆರೆದುಕೊಂಡ ಅಂಗಳವಾದರೆ ಇನ್ನೊಂದು ಮಾತು. ಅಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಬೆಳಕನ್ನು ನೋಡಿ ಕಡಲಿನ ದಾರಿ ಹಿಡಿಯುವುದರಿಂದ ದಂಡೆಗೆ ಕಾಣುವ ಯಾವ ಬೆಂಕಿಯೂ ಅವನ್ನು ದಾರಿ ತಪ್ಪಿಸುತ್ತದೆ.

ಬೆಂಕಿಯಿಂದ ನಿಮಗೆ ಬೇಕಾದದ್ದೇನು?

ಗ್ಯಾಸಿನ ಅಗ್ಗಿಷ್ಟಿಕೆ ಬಂದ ಮೊದಲ ವಾರ ವಿಜಯಪುರದಿಂದ ನಮ್ಮ ಅತ್ತೆ ಬಂದಿದ್ದರು. ಗುಂಡಿ ತಿರುಗಿಸಿ ಉರಿ ಎಬ್ಬಿಸಿ ಹೆಮ್ಮೆಯಿಂದ ಕುರ್ಚಿ ಹಾಕಿದೆ. ಸ್ವಲ್ಪ ಹೊತ್ತು ಕುಳಿತು, ಕೈ ಚಾಚಿ ನೋಡಿ, “ಒಲೆಯನ್ನು ಹೊರಗೆ ತಂದು ಇಟ್ಟಿದ್ದೀರಿ, ಸರಿ, ಹಾಲು ಕಾಯಿಸಲು ಇಡಲೇ?” ಎಂದರು. ನಗು ಬಂದರೂ ಅವರು ಹೇಳಿದ್ದರಲ್ಲಿ ಭೌತಶಾಸ್ತ್ರವಿದೆ. ಗ್ಯಾಸಿನ ಶಾಖದ ಬಹುಪಾಲು ಬಿಸಿ ಗಾಳಿಯಾಗಿ ನೆತ್ತಿಯ ಮೇಲೆ ಹಾರಿಹೋಗುತ್ತದೆ. ಕಟ್ಟಿಗೆಯ ಬೆಂಕಿ ಮಾತ್ರ ಉರಿ ಇಳಿದ ಮೇಲೂ ಕೆಂಡವಾಗಿ ಕೂತು ಸುತ್ತಲೂ ಶಾಖ ಬೀರುತ್ತದೆ. ಗ್ಯಾಸಿಗೆ ಲಾವಾ ಕಲ್ಲುಗಳನ್ನು ಹಾಸುವುದು ಅಂದಕ್ಕಷ್ಟೇ ಅಲ್ಲ, ಅವು ಕಾದು ಕೆಂಡದ ಕೆಲಸವನ್ನು ಸ್ವಲ್ಪವಾದರೂ ಮಾಡಲಿ ಎಂದು. ಸ್ವಲ್ಪ ಮಾತ್ರ ಮಾಡುತ್ತವೆ.

ಶಾಖ ಒಂದಾದರೆ, ಎರಡನೆಯದು ಸೀತನಿ. ಡಿಸೆಂಬರ್, ಜನವರಿಯಲ್ಲಿ ಹಾಲು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹುದುಗಿಸಿ, ಹೊರತೆಗೆದು, ಬಿಸಿ ಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿಯ ಜೊತೆ ಬಾಯಿಗೆ ಹಾಕಿಕೊಳ್ಳುವುದು. ಪುಣೆಯವರು ಇದನ್ನೇ ಹುರಡಾ ಎಂದು ಹಣ ಕೊಟ್ಟು ತಿನ್ನಲು ಹೊಲಗಳಿಗೆ ಹೋಗುತ್ತಾರೆ. ಗ್ಯಾಸಿನ ಮೇಲೆ ಇದು ಆಗುವುದಿಲ್ಲ. ಹೊಟ್ಟು, ಎಣ್ಣೆ, ಮಸಾಲೆ ಕಲ್ಲುಗಳ ಸಂದಿಯಿಂದ ಇಳಿದು ಬರ್ನರಿನ ತೂತುಗಳನ್ನು ಮುಚ್ಚುತ್ತವೆ. ನೋಡಲು ಮಾಡಿದ ಗ್ಯಾಸ್ ಅಗ್ಗಿಷ್ಟಿಕೆಯ ಮೇಲೆ ಅಡುಗೆ ಮಾಡಬೇಡಿ ಎಂದು ಅದರ ಕೈಪಿಡಿಯಲ್ಲೇ ಬರೆದಿರುತ್ತದೆ. ಸೀತನಿ, ಸುಟ್ಟ ಬದನೆಕಾಯಿ, ಗೆಣಸು ನಿಮ್ಮ ಆಸೆಯಾದರೆ ಕಟ್ಟಿಗೆಯೇ ಗತಿ. ಜಾಗವಿಲ್ಲದಿದ್ದರೆ ಒಂದು ಸಣ್ಣ ಇದ್ದಿಲ ಶೇಗಡಿ ಸಾಕು.

ಹಾಗಾದರೆ ಗ್ಯಾಸ್ ಯಾರಿಗೆ? ಕೆಲಸದ ದಿನ ರಾತ್ರಿ ಹತ್ತಕ್ಕೆ ಊಟ ಮುಗಿಸಿ, ಇಪ್ಪತ್ತು ನಿಮಿಷ ಕುಳಿತು, ಗುಂಡಿ ತಿರುಗಿಸಿ ಮಲಗಲು ಹೋಗುವವರಿಗೆ. ಕಟ್ಟಿಗೆಯ ಬೆಂಕಿಗೆ ಇಪ್ಪತ್ತು ನಿಮಿಷ ಎಂಬ ಲೆಕ್ಕವೇ ಇಲ್ಲ. ಹತ್ತಿಸಲು ಹದಿನೈದು ನಿಮಿಷ, ಆರಲು ರಾತ್ರಿಯಿಡೀ. ಮುಳಶಿಯ ಅಗ್ಗಿಷ್ಟಿಕೆಯ ಬಗ್ಗೆ ನಾನು ಎಷ್ಟೇ ಹೊಗಳಿದರೂ ವಾರದ ಐದು ದಿನ ನನಗೆ ಒದಗಿ ಬರುವುದು ಗ್ಯಾಸೇ.

ರಾತ್ರಿಗಳನ್ನು ಎಣಿಸಿ, ಕಿಲೋ ಲೆಕ್ಕ ಹಾಕಿ

ಪುಣೆಯಲ್ಲಿ ಬೆಂಕಿ ಹಿತವೆನಿಸುವುದು ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗೆ. ವಾರಕ್ಕೆರಡು ರಾತ್ರಿ ಎಂದರೂ ಇಪ್ಪತ್ತೈದರ ಆಸುಪಾಸು. ರಾತ್ರಿಗೆ ಎರಡು ಗಂಟೆ ಎಂದರೆ ವರ್ಷಕ್ಕೆ ಐವತ್ತು ಗಂಟೆ.

ಗ್ಯಾಸ್ ಬರ್ನರ್ ಗಂಟೆಗೆ ಕೊಡುವ ಶಾಖವನ್ನು ಅಂಗಡಿಯವರು ಬಿಟಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಆ ಸಂಖ್ಯೆಯನ್ನು 44,000ದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋ ಎಲ್‌ಪಿಜಿ ಸುಡುತ್ತದೆ ಎಂಬುದು ಸಿಗುತ್ತದೆ. ಸಾಮಾನ್ಯವಾಗಿ ಸಿಗುವ 40,000 ಬಿಟಿಯು ಬರ್ನರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 0.9 ಕಿಲೋ ನುಂಗುತ್ತದೆ. 19 ಕಿಲೋದ ವಾಣಿಜ್ಯ ಸಿಲಿಂಡರ್ ಇಪ್ಪತ್ತು ಗಂಟೆ ಬರುತ್ತದೆ; ಐವತ್ತು ಗಂಟೆಗೆ ಎರಡೂವರೆ ಸಿಲಿಂಡರ್. ಅಂದಿನ ದರದಿಂದ ಗುಣಿಸಿ, ಸಿಲಿಂಡರಿನ ಠೇವಣಿ ಸೇರಿಸಿ.

ಕಟ್ಟಿಗೆ ಚೆನ್ನಾಗಿ ಒಣಗಿದ್ದರೆ ಕಿಲೋಗೆ ನಾಲ್ಕು ಯೂನಿಟ್‌ನಷ್ಟು (ಕರೆಂಟ್ ಬಿಲ್ಲಿನ ಯೂನಿಟ್ಟೇ) ಶಾಖ ಕೊಡುತ್ತದೆ, ಎಲ್‌ಪಿಜಿ ಹದಿಮೂರರ ಹತ್ತಿರ. ಅಂದರೆ ಗಂಟೆಗೆ ಮೂರು ಕಿಲೋ ಕಟ್ಟಿಗೆ ಸುಟ್ಟರೆ ಮೇಲಿನ ಬರ್ನರಿಗೆ ಸಮ. ವರ್ಷಕ್ಕೆ ಒಂದೂವರೆ ಕ್ವಿಂಟಲ್. ನಿಮ್ಮ ಹತ್ತಿರದ ಕಟ್ಟಿಗೆ ವಖಾರಿಯ ದರ ಹಿಡಿದು ನೋಡಿ. ಕಟ್ಟಿಗೆಯೇ ಅಗ್ಗವಾಗಿ ಕಾಣುತ್ತದೆ. ಆದರೆ ಒಂದೂವರೆ ಕ್ವಿಂಟಲನ್ನು ಮಳೆ ತಾಗದಂತೆ ಇಡುವ ಜಾಗದ ಬೆಲೆಯನ್ನು ಯಾರೂ ಸೇರಿಸುವುದಿಲ್ಲ. ನಮ್ಮ ಮನೆಯಲ್ಲಿ ಆ ಜಾಗ ಸ್ಕೂಟರ್ ನಿಲ್ಲಿಸುವ ಜಾಗವಾಗಿತ್ತು, ಸ್ಕೂಟರ್ ಗೆದ್ದಿತು.

ಐವತ್ತು ಗಂಟೆಯ ಲೆಕ್ಕ ಹತ್ತು ಗಂಟೆಗೆ ಇಳಿಯುವಂತಿದ್ದರೆ ಯಾವುದನ್ನೂ ಕೊಳ್ಳಬೇಡಿ. ಬುಧವಾರ ಅಥವಾ ಭಾನುವಾರ ಜೂನಾ ಬಜಾರಿಗೆ ಹೋಗಿ ದಪ್ಪನೆಯ ಹಳೆಯ ಕಬ್ಬಿಣದ ಕಡಾಯಿ ತನ್ನಿ, ತಳದಲ್ಲಿ ಏಳೆಂಟು ತೂತು ಕೊರೆಸಿ, ಮೂರು ಕಾಲು ಬೆಸುಗೆ ಹಾಕಿಸಿ. ಗುಜರಿಯಲ್ಲಿ ಸಿಗುವ ವಾಷಿಂಗ್ ಮಷೀನಿನ ಸ್ಟೀಲ್ ಡ್ರಮ್ ಇನ್ನೂ ಚೆನ್ನ, ತೂತುಗಳು ಮೊದಲೇ ಇರುತ್ತವೆ. ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಬಿಚ್ಚಿ ತೆಗೆಯಿರಿ. ಸತು ಲೇಪಿಸಿದ ತೊಟ್ಟಿ, ಬಕೆಟ್ ಮಾತ್ರ ಬೇಡ. ಕಾದಾಗ ಬರುವ ಸತುವಿನ ಹೊಗೆ ಜ್ವರ ತರಿಸುತ್ತದೆ. ಒಂದು ಚಳಿಗಾಲ ಇದರಲ್ಲಿ ಕಳೆದರೆ ನಿಮಗೆ ಬೆಂಕಿ ಎಷ್ಟು ಬೇಕು ಎಂಬುದು ತಿಳಿಯುತ್ತದೆ.

ಗ್ಯಾಸ್ ಎಂದು ತೀರ್ಮಾನಿಸಿದರೆ

ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಎಳೆದು ತರಬೇಡಿ, ಅದನ್ನು ಕೊಟ್ಟಿರುವುದು ಅಡುಗೆಗೆ. ವಾಣಿಜ್ಯ ಸಿಲಿಂಡರ್ ತೆಗೆದುಕೊಳ್ಳಿ. ಐದು ಕಿಲೋದ ಪುಟ್ಟ ಸಿಲಿಂಡರ್ ಹೊರಲು ಸುಲಭ ಎಂದು ಆಸೆಪಟ್ಟು ನಾನು ಮೋಸಹೋದೆ. ಸಿಲಿಂಡರಿನೊಳಗಿನ ದ್ರವ ಅನಿಲವಾಗಲು ಶಾಖ ಬೇಕು. ಅದನ್ನು ಸಿಲಿಂಡರಿನ ಮೈಯಿಂದಲೇ ಹೀರಿಕೊಳ್ಳುತ್ತದೆ. ಚಿಕ್ಕ ಸಿಲಿಂಡರಿನಿಂದ ದೊಡ್ಡ ಬರ್ನರ್ ಎಳೆದರೆ, ಅದರಲ್ಲೂ ಹತ್ತು ಡಿಗ್ರಿಯ ರಾತ್ರಿಯಲ್ಲಿ, ಸಿಲಿಂಡರ್ ಬೆವರಿ, ಹಿಮದಂತೆ ತಣ್ಣಗಾಗಿ, ಒತ್ತಡ ಬಿದ್ದು, ಉರಿ ಕುಗ್ಗುತ್ತದೆ. ಗ್ಯಾಸ್ ಮುಗಿಯಿತೆಂದು ಅಲುಗಾಡಿಸಿದರೆ ಒಳಗೆ ಅರ್ಧ ತುಂಬಿದೆ. ಅದಕ್ಕೆ ಬಿಸಿನೀರು ಸುರಿಯುವ, ಬೆಂಕಿಯ ಹತ್ತಿರ ಸರಿಸುವ ಸಾಹಸ ಖಂಡಿತ ಬೇಡ.

ಕೊಳ್ಳುವಾಗ ಬರ್ನರಿನ ತಗಡಿನ ಮೇಲೆ ಬರೆದಿರುವುದನ್ನು ಓದಿ: ಯಾವ ಅನಿಲಕ್ಕೆ, ಯಾವ ಒತ್ತಡಕ್ಕೆ ಮಾಡಿದ್ದು ಎಂದು. ಪುಣೆಯಲ್ಲಿ ಎಂಎನ್‌ಜಿಎಲ್, ಮುಂಬೈಯಲ್ಲಿ ಮಹಾನಗರ್ ಗ್ಯಾಸ್ ಕೊಳವೆಯಲ್ಲಿ ಕೊಡುವುದು ನೈಸರ್ಗಿಕ ಅನಿಲ. ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯುಟೇನ್ ಮಿಶ್ರಣ. ಬರ್ನರಿಗೆ ಅನಿಲ ಚಿಮ್ಮಿಸುವ ಜೆಟ್ಟಿನ ತೂತಿನ ಅಳತೆ ಎರಡಕ್ಕೂ ಬೇರೆ. ನೈಸರ್ಗಿಕ ಅನಿಲದ ದೊಡ್ಡ ಜೆಟ್ಟಿಗೆ ಸಿಲಿಂಡರ್ ಹಚ್ಚಿದರೆ ಉರಿ ಆಳೆತ್ತರಕ್ಕೆ ಏಳುತ್ತದೆ, ಮಸಿ ಕಾರುತ್ತದೆ. ಆನ್‌ಲೈನ್‌ನಲ್ಲಿ ತರಿಸುವ ವಿದೇಶಿ ಮಾಲಿನಲ್ಲಿ ಈ ಗೊಂದಲ ಹೆಚ್ಚು. ಮನೆಗೆ ಕೊಳವೆ ಗ್ಯಾಸ್ ಇದ್ದರೆ ಅಂಗಳಕ್ಕೆ ಕವಲು ತೆಗೆಯುವ ಕೆಲಸವನ್ನು ಆ ಕಂಪನಿಯ ಅನುಮತಿಯಿಂದ, ಅವರ ಕೆಲಸಗಾರರಿಂದಲೇ ಮಾಡಿಸಿ, ಪರಿಚಯದ ಪ್ಲಂಬರನಿಂದಲ್ಲ.

ಉರಿ ಆರಿದರೆ ಅನಿಲವನ್ನು ತಾನೇ ನಿಲ್ಲಿಸುವ ಥರ್ಮೋಕಪಲ್ ಇಲ್ಲದ ಬರ್ನರ್ ಎಷ್ಟೇ ಅಗ್ಗವಾಗಿದ್ದರೂ ಬೇಡ. ಹೊರಗೆ ಗಾಳಿಗೆ ಉರಿ ಆರುವುದು ದಿನನಿತ್ಯದ ಮಾತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಹಾರಿಹೋಗದೆ ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಆದ್ದರಿಂದಲೇ ಎಲ್‌ಪಿಜಿ ಅಗ್ಗಿಷ್ಟಿಕೆಯನ್ನು ನೆಲದೊಳಗೆ ಗುಂಡಿ ತೋಡಿ ಕೂರಿಸಬಾರದು, ಪೆಟ್ಟಿಗೆಯ ತಳದಲ್ಲಿ ಗಾಳಿಕಂಡಿ ಇರಬೇಕು, ಹತ್ತಿರದಲ್ಲಿ ಚರಂಡಿಯ ಬಾಯಿ ಇರಬಾರದು. ಸಿಲಿಂಡರ್ ನೆಟ್ಟಗೆ ನಿಂತಿರಲಿ. ಮಲಗಿಸಿದರೆ ದ್ರವವೇ ಪೈಪಿಗೆ ಬರುತ್ತದೆ. ಐಎಸ್‌ಐ ಗುರುತಿನ ಸುರಕ್ಷಾ ಪೈಪ್ ಹಾಕಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಬಿಸಿಲಿಗೆ ಬಿದ್ದಿರುವ ಪೈಪ್ ಬಿರುಕು ಬಿಟ್ಟಿದ್ದರೆ ಐದು ವರ್ಷ ಕಾಯಬೇಡಿ. ಪ್ರತಿ ಸಲ ಸಿಲಿಂಡರ್ ಜೋಡಿಸಿದ ಮೇಲೆ ಸಾಬೂನಿನ ನೊರೆ ಬಳಿದು ನೋಡಿ. ಗುಳ್ಳೆ ಎದ್ದರೆ ಅಂದಿನ ಬೆಂಕಿ ರದ್ದು.

ಗೋವಾದ ಉಪ್ಪುಗಾಳಿಯಲ್ಲಿ 304 ದರ್ಜೆಯ ಸ್ಟೀಲ್ ಕೂಡ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಕಡಲ ಹತ್ತಿರವಿದ್ದರೆ 316 ದರ್ಜೆ ಕೇಳಿ.

ಕಟ್ಟಿಗೆ ಎಂದು ತೀರ್ಮಾನಿಸಿದರೆ

ಅಗ್ಗಿಷ್ಟಿಕೆಯ ಅಂದಚಂದ ನೋಡಿ ತಲೆ ಕೆಡಿಸಿಕೊಳ್ಳುವವರು ಕಟ್ಟಿಗೆಯನ್ನು ನೋಡುವುದೇ ಇಲ್ಲ. ಹೊಗೆಯ ಮುಕ್ಕಾಲು ಪಾಲು ದೂರು ಹಸಿ ಕಟ್ಟಿಗೆಯ ದೂರು. ತೂಕದಲ್ಲಿ ನೂರಕ್ಕೆ ಇಪ್ಪತ್ತು ಭಾಗಕ್ಕಿಂತ ಕಡಿಮೆ ನೀರಿದ್ದರೆ ಮಾತ್ರ ಅದು ಒಣ ಕಟ್ಟಿಗೆ. ನಲವತ್ತು ಭಾಗ ನೀರಿರುವ ನೂರು ಕಿಲೋ ಕೊಂಡರೆ, ಒಣಗಿದ ಮೇಲೆ ಅದು ಎಪ್ಪತ್ತೈದು ಕಿಲೋ. ಉಳಿದ ಇಪ್ಪತ್ತೈದು ಕಿಲೋ ನೀರಿಗೆ ನೀವು ಕಟ್ಟಿಗೆಯ ದರ ಕೊಟ್ಟಿದ್ದೀರಿ. ಸುಡುವಾಗ ಆ ನೀರನ್ನು ಆವಿ ಮಾಡಲು ಮತ್ತೆ ಶಾಖ ಹಾಳು; ಬೆಂಕಿ ತಣ್ಣಗಾಗಿ, ಪೂರ್ತಿ ಸುಡದ ಮರದ ಅನಿಲವೇ ಹೊಗೆಯಾಗಿ ಹೊರಬರುತ್ತದೆ.

ವಖಾರಿಯಲ್ಲಿ ಎರಡು ತುಂಡು ಕೈಗೆತ್ತಿಕೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ‘ಟಣ್’ ಎನ್ನುತ್ತದೆ, ಹಸಿಯಿದ್ದರೆ ‘ಧಬ್’. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು, ತೊಗಟೆ ಉಗುರಿಗೆ ಏಳಬೇಕು. ಮಾಲೀಕರು ‘ಏಕದಂ ಸುಕ್ಕಾ’ ಎಂದು ಆಣೆ ಮಾಡಿದರೂ ಒಂದು ದಪ್ಪ ತುಂಡನ್ನು ಸೀಳಿಸಿ, ಸೀಳಿದ ಮುಖವನ್ನು ಕೆನ್ನೆಗೆ ಒತ್ತಿ ನೋಡಿ. ತಂಪು ತಾಗಿದರೆ ನೀರಿದೆ. ನನ್ನನ್ನು ಮೊದಲ ಸಲ ಹೀಗೆ ಕಂಡ ಭವಾನಿ ಪೇಠೆಯ ವಖಾರಿಯ ಹುಡುಗ ಕಟ್ಟಿಗೆಯನ್ನು ಮುದ್ದಿಸುತ್ತಿದ್ದಾನೆಂದು ನಕ್ಕ. ಮನೆಗೆ ತಂದ ಮೇಲೂ ಅನುಮಾನವಿದ್ದರೆ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ವಾರ ಬಿಸಿಲಿಗಿಟ್ಟು ಮತ್ತೆ ತೂಗಿ. ಇಳಿದಿದ್ದರೆ ಇನ್ನೂ ಒಣಗುತ್ತಿದೆ ಎಂದರ್ಥ.

ನಮ್ಮಲ್ಲಿ ಕಟ್ಟಿಗೆ ಕೊಳ್ಳಲು ಸರಿಯಾದ ತಿಂಗಳು ಡಿಸೆಂಬರ್ ಅಲ್ಲ, ಫೆಬ್ರುವರಿ ಅಥವಾ ಮಾರ್ಚ್. ಸೀಳಿಸಿ, ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ, ನಡುವೆ ಗಾಳಿಯಾಡುವಂತೆ ಪೇರಿಸಿ. ಏಪ್ರಿಲ್, ಮೇ ತಿಂಗಳ ಬಿಸಿಲು ಪುಕ್ಕಟೆ ಒಣಗಿಸುತ್ತದೆ. ಜೂನ್ ಮೊದಲ ಮಳೆಗೆ ಮುಂಚೆ ಮೇಲೆ ಮಾತ್ರ ತಗಡು ಹೊದಿಸಿ, ಬದಿಗಳನ್ನು ತೆರೆದಿಡಿ. ಪ್ಲಾಸ್ಟಿಕ್ ತಾಡಪಾಲಿನಲ್ಲಿ ಸುತ್ತಿಟ್ಟರೆ ಒಳಗೇ ಬೆವರಿ ಬೂಸು ಹಿಡಿಯುತ್ತದೆ. ನವೆಂಬರಿನಲ್ಲಿ ಬಿಚ್ಚಿದರೆ ಅಣಬೆ.

ಇನ್ನು ಮರದ ಜಾತಿಯ ಮಾತು. ಜಾಲಿ ಉತ್ತಮ: ಗಟ್ಟಿ, ನಿಧಾನ ಉರಿ, ಒಳ್ಳೆಯ ಕೆಂಡ. ಹುಣಸೆಯದೂ ಹಾಗೆಯೇ, ಸೀಳುವಷ್ಟರಲ್ಲಿ ರಟ್ಟೆ ಸೋಲುತ್ತದೆ. ಮಾವು ಸಾಧಾರಣ. ಸುಬಾಬುಲ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಗೋವಾ, ಕೊಂಕಣದವರಿಗೆ ಗಾಳಿಮರವಿದೆ, ತೆಂಗಿನ ಕರಟವಿದೆ. ಕರಟದ ಕೆಂಡಕ್ಕೆ ಸಾಟಿಯಿಲ್ಲ. ಗೇರುಬೀಜದ ಸಿಪ್ಪೆಯನ್ನು ಮಾತ್ರ ಹಾಕಬೇಡಿ, ಅದರ ಎಣ್ಣೆಯ ಹೊಗೆ ಕಣ್ಣು, ಚರ್ಮ ಉರಿಸುತ್ತದೆ. ಕಣಗಿಲೆಯ ಕಡ್ಡಿಯಂತೂ ಒಂದೂ ಬೇಡ. ಬೇಲಿಯಲ್ಲಿ, ರಸ್ತೆಯ ನಡುವೆ ಅದನ್ನೇ ಬೆಳೆಸಿರುವುದರಿಂದ ಮಾಲಿ ಕತ್ತರಿಸಿದ ಕಡ್ಡಿಗಳ ರಾಶಿಯಲ್ಲಿ ಸೇರಿಬರುತ್ತದೆ. ಗಿಡವೂ ವಿಷ, ಹೊಗೆಯೂ ವಿಷ.

ಪ್ಲೈವುಡ್, ಬಣ್ಣ ಹಚ್ಚಿದ ಹಳೆಯ ಬಾಗಿಲು ಅಗ್ಗಿಷ್ಟಿಕೆಗೆ ಅಲ್ಲ. ಚಾಕಣ, ಪಿಂಪ್ರಿಯ ಕಾರ್ಖಾನೆಗಳಿಂದ ಬರುವ ಸಾಗಣೆ ಪ್ಯಾಲೆಟ್‌ಗಳ ಮೇಲೆ ಮುದ್ರೆ ಇರುತ್ತದೆ. ‘ಎಚ್‌ಟಿ’ ಎಂದಿದ್ದರೆ ಕಾಯಿಸಿ ಶುದ್ಧಿ ಮಾಡಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಕೊಟ್ಟದ್ದು. ಎರಡನೆಯದನ್ನು ಮುಟ್ಟಬೇಡಿ, ಮುದ್ರೆಯೇ ಇಲ್ಲದ್ದನ್ನೂ ನಂಬಬೇಡಿ.

ಹಚ್ಚುವ ಕ್ರಮವನ್ನು ನಾವು ಚಿಕ್ಕಂದಿನಿಂದ ತಲೆಕೆಳಗಾಗಿ ಕಲಿತಿದ್ದೇವೆ. ಹಂಡೆ ಒಲೆಗೆ ಹಾಕಿದಂತೆ ಕೆಳಗೆ ಚಕ್ಕೆ, ಮೇಲೆ ದಿಮ್ಮಿ ಇಟ್ಟರೆ, ದಿಮ್ಮಿ ಕಾದು ಬಿಡುವ ಹೊಗೆಗೆ ಮೇಲೆ ಉರಿಯೇ ಇರುವುದಿಲ್ಲ. ದಪ್ಪನೆಯ ತುಂಡುಗಳನ್ನು ಅಡಿಗೆ, ಬೆರಳು ಗಾತ್ರದವನ್ನು ಅದರ ಮೇಲೆ, ತೆಂಗಿನ ನಾರು ಮತ್ತು ಎರಡು ಬಿಲ್ಲೆ ಕರ್ಪೂರವನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಹಚ್ಚಿ. ಉರಿ ಮೇಲಿನಿಂದ ಕೆಳಗಿಳಿಯುತ್ತದೆ, ಕೆಳಗಿನ ಹೊಗೆ ಉರಿಯ ಮೂಲಕವೇ ಹಾದು ಸುಟ್ಟುಹೋಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರ ತರಬೇಡಿ.

‘ಹೊಗೆರಹಿತ’ ಎಂದು ಮಾರುವ ಎರಡು ಗೋಡೆಯ ಸ್ಟೀಲ್ ಅಗ್ಗಿಷ್ಟಿಕೆಯ ಮರ್ಮವೂ ಇದೇ. ಗೋಡೆಗಳ ನಡುವೆ ಕಾದ ಗಾಳಿ ಅಂಚಿನ ತೂತುಗಳಿಂದ ಹೊಮ್ಮಿ ಹೊಗೆಯನ್ನು ಸುಡುತ್ತದೆ. ಸುಳ್ಳಲ್ಲ, ಆದರೆ ಮೊದಲ ಹತ್ತು ಹದಿನೈದು ನಿಮಿಷ ಅದು ಕಾಯುವವರೆಗೆ ಹೊಗೆ ಬರುತ್ತದೆ, ಕಟ್ಟಿಗೆಯನ್ನು ಅಂಚಿನ ಮೇಲೆ ಪೇರಿಸಿದರೆ ಬರುತ್ತದೆ, ಹಸಿಯಿದ್ದರೆ ಬಂದೇ ಬರುತ್ತದೆ. ಗೋಡೆ ಎತ್ತರವಾದ್ದರಿಂದ ಶಾಖ ಮೇಲಕ್ಕೆ ಹೋಗಿ ಪಾದಗಳು ತಣ್ಣಗೇ ಉಳಿಯುತ್ತವೆ.

ಕಟ್ಟಿಸುವುದಾದರೆ ಒಳ ಅಗಲ ಮೂರು ಅಡಿ, ಗೋಡೆ ಒಂದು ಅಡಿ ಅಥವಾ ಸ್ವಲ್ಪ ಹೆಚ್ಚು, ಬುಡದಲ್ಲಿ ನಾಲ್ಕು ಕಡೆ ಗಾಳಿಕಂಡಿ. ಒಳಗೆ ಶಾಖ ತಡೆಯುವ ಬೆಂಕಿ ಇಟ್ಟಿಗೆ (ಫೈರ್ ಬ್ರಿಕ್) ಮತ್ತು ಫೈರ್‌ಕ್ಲೇ ಗಾರೆ, ಹೊರಗೆ ಬೇಕಾದರೆ ಪುಣೆಯ ಕರಿಕಲ್ಲು. ನದಿಯಿಂದ ಆರಿಸಿ ತಂದ ಉರುಟು ಕಲ್ಲುಗಳನ್ನು ಬೆಂಕಿಗೆ ತಾಗುವಂತೆ ಇಡಬೇಡಿ, ನೀರು ಕುಡಿದ ಕಲ್ಲು ಸಿಡಿಯುತ್ತದೆ. ಶಹಾಬಾದ್ ಫರಶಿಯ ಮೇಲೆ, ಕಾಂಕ್ರೀಟ್ ಮೇಲೆ ನೇರವಾಗಿ ಹಾಕುವುದೂ ಬೇಡ. ಫರಶಿ ತೆಗೆಸಿ, ಒಂದು ಗೇಣು ಮರಳು ಅಥವಾ ಜಲ್ಲಿ ಹಾಸಿ, ಮೇಲೆ ಬೆಂಕಿ ಇಟ್ಟಿಗೆ ಕೂರಿಸಿ. ಗೋಡೆ, ಮರ, ಚಪ್ಪರ, ಕೇಬಲ್ ತಂತಿ ಎಲ್ಲದರಿಂದ ಕನಿಷ್ಠ ಹತ್ತು ಅಡಿ ದೂರವಿರಲಿ. ಗಾಜು ಮುಚ್ಚಿದ ಬಾಲ್ಕನಿ, ಡೇರೆ, ಕಾರ್ ಶೆಡ್ಡಿನೊಳಗೆ ಗ್ಯಾಸೂ ಬೇಡ, ಕಟ್ಟಿಗೆಯೂ ಬೇಡ, ಆರಿದಂತೆ ಕಾಣುವ ಕೆಂಡವೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಕಾನೂನು, ಎರಡು ಮಾತಿನಲ್ಲಿ

ಅಗ್ಗಿಷ್ಟಿಕೆ ಇದೆಯೆಂದು ಕಸ, ಒಣ ಎಲೆ ಸುಡಬೇಡಿ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದೇಶಾದ್ಯಂತ ನಿಷೇಧಿಸಿ ದಂಡ ವಿಧಿಸಿದೆ. ಮಹಾರಾಷ್ಟ್ರದ ನಗರಗಳಲ್ಲಿ ನಿಮ್ಮದೇ ಅಂಗಳದ ಮರವನ್ನು ಕಡಿಯಲೂ 1975ರ ಕಾಯಿದೆಯಂತೆ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಹಾಗಾಗಿ ‘ಹೇಗೂ ಮಾವಿನ ಮರವಿದೆಯಲ್ಲ’ ಎಂಬ ಲೆಕ್ಕ ಹಿಡಿಯಬೇಡಿ.

ಆರಿಸುವುದು, ಎತ್ತಿಡುವುದು

ಬೂದಿಯ ಅಡಿಯಲ್ಲಿ ಕೆಂಡ ಮರುದಿನ ಮಧ್ಯಾಹ್ನದವರೆಗೂ ಜೀವ ಹಿಡಿದಿರುತ್ತದೆ. ಮಲಗುವ ಅರ್ಧ ಗಂಟೆ ಮೊದಲು ಕಟ್ಟಿಗೆ ಹಾಕುವುದನ್ನು ನಿಲ್ಲಿಸಿ, ಕೆಂಡ ಹರಡಿ, ನೀರನ್ನು ಸುರಿಯದೆ ಚಿಮುಕಿಸಿ. ಕಾದ ಇಟ್ಟಿಗೆಗೆ ಒಮ್ಮೆಲೇ ನೀರು ಬಿದ್ದರೆ ಬಿರುಕು. ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿಗೆ ತುಂಬಿ ತೊಟ್ಟಿಗೆ ಸುರಿದವರ ಕಥೆ ಅಗ್ನಿಶಾಮಕ ದಳದವರಿಗೆ ಗೊತ್ತು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಎರಡು ದಿನ ಇಟ್ಟು ಆಮೇಲೆ ತೋಟಕ್ಕೆ ಹಾಕಿ. ಅದರಲ್ಲೂ ನೆಲ ನೋಡಿಕೊಳ್ಳಿ. ಬೂದಿ ಕ್ಷಾರ, ಗೋವಾದ ಹುಳಿ ಕೆಮ್ಮಣ್ಣಿಗೆ, ತೆಂಗಿನ ಬುಡಕ್ಕೆ ಹಿತ. ಪುಣೆಯ ಕಪ್ಪು ಎರೆಮಣ್ಣು ಮೊದಲೇ ಸುಣ್ಣದ ಅಂಶದ್ದು, ಅಲ್ಲಿ ಕೈಹಿಡಿಯಷ್ಟು ಸಾಕು. ನಾನು ಒಂದು ವರ್ಷದ ಬೂದಿಯನ್ನೆಲ್ಲ ಗುಲಾಬಿಗೆ ಹಾಕಿ ಎಲೆ ಹಳದಿ ಮಾಡಿಸಿಕೊಂಡೆ.

ಗ್ಯಾಸಿನದನ್ನು ಮೇ ಕೊನೆಯಲ್ಲಿ ಎತ್ತಿಡಿ. ಸಿಲಿಂಡರ್ ಕಳಚಿ, ಮುಚ್ಚಳ ಹಾಕಿ, ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ. ಲಾವಾ ಕಲ್ಲುಗಳನ್ನು ಗೋಣಿಚೀಲಕ್ಕೆ ತುಂಬಿ. ಮಳೆ ನೀರು ಕುಡಿದವನ್ನು ಒಣಗಿಸದೆ ಹಚ್ಚಬೇಡಿ. ತಟ್ಟೆಯ ನೀರು ಹರಿಯುವ ತೂತು ತೆರೆದಿದೆಯೇ ನೋಡಿ. ಬರ್ನರ್ ಕೊಳವೆಯ ಬಾಯಿಗೆ ಬಟ್ಟೆ ಕಟ್ಟುವುದನ್ನು ಮರೆಯಬೇಡಿ. ಕಳೆದ ನವೆಂಬರಿನಲ್ಲಿ ಉರಿ ಒಂದು ಬದಿಗೆ ಮಾತ್ರ ಏಳುತ್ತಿತ್ತು. ಬಿಚ್ಚಿ ನೋಡಿದರೆ ಕೊಳವೆಯೊಳಗೆ ಕಣಜವೊಂದು ಹೆಬ್ಬೆರಳು ಉದ್ದದ ಮಣ್ಣಿನ ಮನೆ ಕಟ್ಟಿತ್ತು. ಸೈಕಲ್ಲಿನ ಕಡ್ಡಿ ಹಾಕಿ ಕೆರೆದು ತೆಗೆಯಲು ಒಂದು ಸಂಜೆ ಹಿಡಿಯಿತು. ಆಜಿ ಕಿಟಕಿ ತೆರೆದುಕೊಂಡು ಟಾರ್ಚ್ ಹಿಡಿದಿದ್ದರು.